ಎಷ್ಟು ಗಿಟಾರ್, ಯಾವ ಗಿಟಾರ್

"ಏನಪ್ಪಾ, ಇರೋದು ಎರಡು ಕೈ. ಇಷ್ಟೊಂದು ಗಿಟಾರ್ ಯಾಕಪ್ಪಾ ನಿನಗೆ?"

ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆ ರಾಯರು ಕೇಳಿದರು. ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ ನಾನು ಗಿಟಾರ್ ಪೆಟ್ಟಿಗೆಗಳನ್ನೆಲ್ಲ ಜಗಲಿಗೆ ತಂದು, ಮುಚ್ಚಳ ತೆಗೆದು, ನೆರಳಿನಲ್ಲಿ ಇಡುವುದುಂಟು. ರಾಯರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಬಾಯಿಮಾತಿಗೆ ಕೇಳುವ ಜನ ಅಲ್ಲ. ಒಂದು ಪ್ರಶ್ನೆ ಎತ್ತಿದರೆ ಉತ್ತರ ಪೂರ್ತಿ ಕೈಗೆ ಬರುವ ತನಕ ಗೋಡೆ ಬಿಟ್ಟು ಕದಲುವುದಿಲ್ಲ. ಅಂಥವರು ಕೇಳಿದಾಗ ಹೇಳುವುದಕ್ಕೂ ಹುರುಪು ಬರುತ್ತದೆ.

ಮೊದಲು ಸುಲಭದ ಉತ್ತರ ಕೊಟ್ಟೆ. ಗಿಟಾರ್‌ಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ, ಕೆಲಸ ಮಾತ್ರ ಬೇರೆ ಬೇರೆ. 1950ರಲ್ಲಿ ಬ್ರಾಡ್‌ಕ್ಯಾಸ್ಟರ್ ಎಂದು ಹುಟ್ಟಿ, ಮರುವರ್ಷ ಟೆಲಿಕ್ಯಾಸ್ಟರ್ ಎಂದು ಹೆಸರು ಬದಲಿಸಿಕೊಂಡ ಫೆಂಡರ್ ಗಿಟಾರಿನ ದನಿ ಚೂಪು. 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್‌ಗೆ ಐದು ವರ್ಷದ ಮೇಲೆ ಹಂಬಕರ್ ಪಿಕಪ್ ಸೇರಿದಾಗ ಬಂದದ್ದು ತುಂಬು ದನಿ. ಮೀಟಿದ ಸ್ವರ ಬೇಗ ಸಾಯುವುದಿಲ್ಲ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಬಿಗಿದರೆ ಆ ಎಳೆತಕ್ಕೆ ಬ್ರಿಡ್ಜೇ ಕಿತ್ತು ಬರಬಹುದು. ಹನ್ನೆರಡು ತಂತಿಯದು ಇನ್ನೊಂದು ಜಾತಿ. ಸ್ಲೈಡ್ ನುಡಿಸುವುದಕ್ಕೆ ತಂತಿ ಎತ್ತರದಲ್ಲಿರುವ ವಾದ್ಯ ಬೇಕು, ಅದರಲ್ಲಿ ಬೆರಳಿನ ಕೆಲಸ ಕಷ್ಟ.

"ಸರಿ, ಹತ್ತು ಅಂತ ಇಟ್ಕೋ. ಅದರ ಮೇಲೆ?"

ಹತ್ತು ದಾಟಿದ ಮೇಲೆ ಉಪಯೋಗದ ಲೆಕ್ಕ ಹೇಳಬಾರದು, ರಾಯರೇ. ಅದು ಪ್ರೀತಿ, ಹಾಗೆಂದೇ ಒಪ್ಪಿಕೊಳ್ಳಬೇಕು. ಆ ಪ್ರೀತಿಯಿಂದ ಒಳ್ಳೆಯದೂ ಆಗಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಸ್ಕಾಟ್ ಚಿನೆರಿ ಎಂಬ ಸಂಗ್ರಾಹಕ ಇದ್ದರು. ಜಿಮ್ಮಿ ಡಿಅಕ್ವಿಸ್ಟೊ ಮಾಡಿದ ಒಂದು ನೀಲಿ ಆರ್ಚ್‌ಟಾಪ್ ಗಿಟಾರ್ ಕಂಡು ಮರುಳಾಗಿ, 1990ರ ದಶಕದ ನಡುವಿನಲ್ಲಿ ಇಪ್ಪತ್ತೆರಡು ಮಂದಿ ಗಿಟಾರ್ ಕುಶಲಕರ್ಮಿಗಳಿಗೆ ತಲಾ ಒಂದು ನೀಲಿ ಗಿಟಾರ್ ಮಾಡಿಕೊಡಿ ಎಂದು ಕೆಲಸ ಒಪ್ಪಿಸಿದರು. ಬಣ್ಣ ಒಂದೇ, ಮಿಕ್ಕದ್ದೆಲ್ಲ ಅವರವರ ಮನಸ್ಸಿನಂತೆ. ಆ ಗಿಟಾರ್‌ಗಳು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿ ಪ್ರದರ್ಶನಕ್ಕೂ ಬಂದವು. ಒಬ್ಬ ಸಂಗ್ರಾಹಕನ ಆಸೆ ಅಷ್ಟು ಜನ ಕುಶಲಿಗಳ ಕೈಯಿಂದ ಅವರ ಅತ್ಯುತ್ತಮ ಕೆಲಸ ಹೊರಡಿಸಿತು. ಆದ್ದರಿಂದ ಎಷ್ಟು ಎನ್ನುವ ಪ್ರಶ್ನೆಯ ಬಗ್ಗೆ ನನಗೆ ತಕರಾರಿಲ್ಲ. ಶಕ್ತಿ ಇದ್ದವರು ಎಷ್ಟಾದರೂ ಇಟ್ಟುಕೊಳ್ಳಲಿ. ಇದ್ದದ್ದರಲ್ಲಿ ಯಾವುದು ಯಾವುದು ಎಂದು ಬರೆದಿಟ್ಟಿದ್ದಾರೆಯೇ, ಅದು ನನ್ನ ಪ್ರಶ್ನೆ. ಬರೆದಿಡದ ಸಂಗ್ರಹವನ್ನು ನಾನು ಸಂಗ್ರಹ ಎಂದು ಒಪ್ಪುವುದಿಲ್ಲ.

ರಾಯರ ಮುಖ ಅರಳಿತು. ಲೆಕ್ಕಪುಸ್ತಕದ ಮಾತು ಬಂದರೆ ಬ್ಯಾಂಕಿನವರಿಗೆ ಮಾತೃಭಾಷೆ ಕೇಳಿಸಿದಂತಾಗುತ್ತದೆ. "ಹೇಳು, ಹೇಳು" ಎಂದರು. ನಾನು ರ‍್ಯಾಂಡಿ ಬಾಕ್ಮನ್ ಕಥೆ ತೆಗೆದೆ.

ಬಾಕ್ಮನ್ ಕೆನಡಾದ ಸಂಗೀತಗಾರ, ವಿನಿಪೆಗ್ ಊರಿನವರು. ಮೊದಲು 'ದಿ ಗೆಸ್ ಹೂ', ಆಮೇಲೆ 'ಬಾಕ್ಮನ್-ಟರ್ನರ್ ಓವರ್‌ಡ್ರೈವ್' ತಂಡಗಳಲ್ಲಿ ಹೆಸರು ಮಾಡಿದವರು. ಹುಡುಗನಾಗಿದ್ದಾಗ ಹುಲ್ಲು ಕತ್ತರಿಸುವಂಥ ಚಿಲ್ಲರೆ ಕೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ 1957ರ ಒಂದು ಗ್ರೆಚ್ 6120 ಕೊಂಡರು. ಕಿತ್ತಳೆ ಬಣ್ಣ, ಚೆಟ್ ಆಟ್ಕಿನ್ಸ್ ಹೆಸರಿನ ಮಾದರಿ. ಊರೂರು ತಿರುಗುವಾಗ ಅದನ್ನು ಹೋಟೆಲ್ ಕೋಣೆಯ ಬಚ್ಚಲಿನಲ್ಲಿ ಸರಪಳಿ ಹಾಕಿ ಕಟ್ಟಿಡುತ್ತಿದ್ದರಂತೆ. ಅಷ್ಟು ಜೋಪಾನ ಮಾಡಿದ್ದೂ 1970ರ ದಶಕದಲ್ಲಿ ಟೊರಾಂಟೊದ ಹೋಟೆಲೊಂದರಿಂದ ಕಳುವಾಯಿತು.

ಆಮೇಲೆ ಅವರು ಮಾಡಿದ್ದು ಕೇಳಿ. ಅದನ್ನು ಹುಡುಕುತ್ತ ಹುಡುಕುತ್ತ, ಸಿಕ್ಕ ಸಿಕ್ಕ ಗ್ರೆಚ್‌ಗಳನ್ನೆಲ್ಲ ಕೊಳ್ಳುತ್ತ ಹೋದರು. ಮುನ್ನೂರು ದಾಟಿತು. ಕೊನೆಗೆ ಆ ಸಂಗ್ರಹದ ಬಹುಪಾಲು ಗ್ರೆಚ್ ಕಂಪನಿಯ ಮನೆತನಕ್ಕೇ ಮರಳಿ ಹೋಯಿತು. ಮುನ್ನೂರು ಗಿಟಾರ್ ಒಟ್ಟಾದರೂ ಕಳೆದದ್ದು ಅದರಲ್ಲಿ ಇರಲಿಲ್ಲ.

ಅದು ಸಿಕ್ಕ ಬಗೆ ಮಾತ್ರ ಅಪೂರ್ವ. 2020ರಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದ ಕಾಲದಲ್ಲಿ, ಕೆನಡಾದ ಅಭಿಮಾನಿಯೊಬ್ಬ ಬಾಕ್ಮನ್ ಅವರ ಹಳೆಯ ವಿಡಿಯೊ ತೆಗೆದು ಆ ಗಿಟಾರಿನ ಮೇಲ್ಮೈಯನ್ನು ಸೂಕ್ಷ್ಮವಾಗಿ ನೋಡಿದ. ಮರದ ಎಳೆಯ ನಡುವೆ ಒಂದು ಪುಟ್ಟ ಕಪ್ಪು ಗಂಟು ಇತ್ತು. ಆ ಗಂಟನ್ನೇ ಗುರುತಾಗಿಟ್ಟುಕೊಂಡು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದ, ಯಾರೋ ನುಡಿಸಿದ ಅದೇ ಮಾದರಿಯ ಗಿಟಾರ್‌ಗಳ ಚಿತ್ರಗಳನ್ನು ಒಂದೊಂದಾಗಿ ಹೋಲಿಸುತ್ತ ಹೋದ. ಜಪಾನಿನ ಸಂಗೀತಗಾರನೊಬ್ಬ ನುಡಿಸುತ್ತಿದ್ದ ವಿಡಿಯೊದಲ್ಲಿ ಅದೇ ಜಾಗದಲ್ಲಿ ಅದೇ ಗಂಟು ಕಾಣಿಸಿತು. ಆತ ಟೋಕಿಯೋದ ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡಿದ್ದವನು, ತಪ್ಪೇನೂ ಮಾಡಿದವನಲ್ಲ. ಬಾಕ್ಮನ್ ಅದೇ ವರ್ಷದ ಅದೇ ಮಾದರಿಯ ಇನ್ನೊಂದು ಗ್ರೆಚ್ ಹುಡುಕಿ ತಂದು ಬದಲಿಗೆ ಕೊಟ್ಟರು. 2022ರ ಜುಲೈ 1, ಕೆನಡಾ ದಿನದಂದು, ಟೋಕಿಯೋದ ಕೆನಡಾ ರಾಯಭಾರ ಕಚೇರಿಯಲ್ಲಿ ಗಿಟಾರ್‌ಗಳು ಕೈ ಬದಲಾದವು.

ರಾಯರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬ್ಯಾಂಕಿನ ಪ್ರಶ್ನೆ ಬಂತು. "ಅಷ್ಟೆಲ್ಲ ಯಾಕಪ್ಪಾ, ಗಿಟಾರಿಗೆ ನಂಬರ್ ಇರಲ್ವೆ?"

ಒಳಗಿನಿಂದ ರಾಯರ ಮನೆಯವರು, ನಾನು ಅಮ್ಮ ಎಂದು ಕರೆಯುವವರು, ದನಿ ಸೇರಿಸಿದರು: "ನಮ್ಮ ಪಾತ್ರೆ ಮೇಲೆಲ್ಲ ಹೆಸರು ಕೊರೆಸಿಲ್ವೆ, ಹಂಗೆ ಹೆಸರು ಕೊರೆಸಿಬಿಡಿ. ಯಾರು ಒಯ್ದರೂ ಗೊತ್ತಾಗತ್ತೆ."

ಸ್ಟೀಲ್ ಡಬರಿಯ ಅಂಚಿಗೆ ಚುಕ್ಕೆ ಚುಕ್ಕೆಯಾಗಿ ಹೆಸರು, ಇಸವಿ ಕೊರೆಸುವ ಹಾಗೆ ಗಿಟಾರಿಗೂ ಕೊರೆದವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಮ್ಮಾ. ಕಳ್ಳತನಕ್ಕೆ ಹೆದರಿ ಹಿಂದೆಲ್ಲ ತಮ್ಮ ಗುರುತಿನ ಸಂಖ್ಯೆಯನ್ನೇ ಗೀಚಿಟ್ಟರು. ಡಬರಿಗೆ ಅದರಿಂದ ನಷ್ಟವಿಲ್ಲ. ಹಳೆಯ ಗಿಟಾರಿಗೆ ಇದೆ. ಮೂಲ ಹೊಳಪಿನ ಮೇಲೆ ಗೀರು ಬಿದ್ದರೆ ಬೆಲೆ ಇಳಿಯುತ್ತದೆ, ಅಂದವೂ ಹೋಗುತ್ತದೆ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ.

ಇನ್ನು ಕಾರ್ಖಾನೆಯೇ ಹಾಕಿದ ನಂಬರಿನ ಮಾತು. ಕೆಲವರದು ಶಿಸ್ತಿನ ಲೆಕ್ಕ. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ 1898ರಿಂದ ಗಿಟಾರ್‌ಗಳಿಗೆ ಕ್ರಮಸಂಖ್ಯೆ ಹಾಕುತ್ತ ಬಂದಿದೆ. ಅಷ್ಟರೊಳಗೆ ಸುಮಾರು ಎಂಟು ಸಾವಿರ ಗಿಟಾರ್ ಮಾಡಿರಬಹುದೆಂದು ಅಂದಾಜಿಸಿ 8000ದಿಂದ ಆರಂಭಿಸಿದರು. 2004ರಲ್ಲಿ ಹತ್ತು ಲಕ್ಷ ಮುಟ್ಟಿದರು. ನಡುವಿನ ದುಂಡು ತೂತಿನಲ್ಲಿ ಇಣುಕಿ, ನೆಕ್ ಬಂದು ಸೇರುವ ಮರದ ತುಂಡಿನ ಮೇಲೆ ನೋಡಿದರೆ ಸಂಖ್ಯೆ ಕಾಣುತ್ತದೆ. ಅದು ತಿಳಿದರೆ ಹುಟ್ಟಿದ ವರ್ಷ ತಿಳಿದ ಹಾಗೆ. ನೂರು ವರ್ಷಕ್ಕೂ ಮೇಲಿನ ಅಂಥ ಲೆಕ್ಕ ಕಂಡರೆ ನನಗೆ ನಿಜವಾಗಿ ಗೌರವ ಬರುತ್ತದೆ.

ಗಿಬ್ಸನ್‌ನವರ 1960ರ ದಶಕದ ಸಂಖ್ಯೆಗಳು ಇದಕ್ಕೆ ಪೂರಾ ಉಲ್ಟಾ. ಒಂದೇ ಸಂಖ್ಯೆ ಬೇರೆ ಬೇರೆ ವರ್ಷದ, ಬೇರೆ ಬೇರೆ ಮಾದರಿಯ ಗಿಟಾರ್‌ಗಳ ಮೇಲೆ ಬಿದ್ದಿದೆ. ಸಂಖ್ಯೆಯೊಂದನ್ನೇ ನಂಬಿದರೆ 1963ರದೋ 1967ರದೋ ಹೇಳಲಾಗದು. 1977ರಲ್ಲಿ ಎಂಟು ಅಂಕಿಯ ಪದ್ಧತಿ ತಂದ ಮೇಲೆ ಗೊಂದಲ ತಿಳಿಯಾಯಿತು. ಅದರಲ್ಲಿ ವರ್ಷವೂ ಇದೆ, ವರ್ಷದ ಎಷ್ಟನೆಯ ದಿನ ಎಂಬುದೂ ಇದೆ. ಫೆಂಡರ್‌ನವರದು ಮತ್ತೊಂದು ಬಗೆ. ಹಳೆಯ ಫೆಂಡರ್‌ಗಳಲ್ಲಿ ಸಂಖ್ಯೆ ಇದ್ದದ್ದು ಬೆನ್ನಿನ ಹಿಂದೆ ನೆಕ್ ಕೂಡಿಸುವ ಲೋಹದ ತಗಡಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ತಗಡು ಕೈಗೆ ಬಂತು. ಅದನ್ನು ಬೇರೊಂದಕ್ಕೆ ಹಾಕಿಬಿಟ್ಟರೆ ಹೆಸರು ಒಬ್ಬರದು, ದೇಹ ಇನ್ನೊಬ್ಬರದು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಬಳಿ 0001 ಎಂಬ ಸಂಖ್ಯೆಯ 1954ರ ಬಿಳಿ ಸ್ಟ್ರ್ಯಾಟೋಕ್ಯಾಸ್ಟರ್ ಇತ್ತು. ಆ ಸಂಖ್ಯೆ ನೋಡಿದವರಿಗೆ ಲೋಕದ ಮೊಟ್ಟಮೊದಲ ಸ್ಟ್ರ್ಯಾಟ್ ಇದೇ ಅನಿಸುತ್ತದೆ. ಅಲ್ಲ. ಅದಕ್ಕಿಂತ ಮೊದಲು ತಯಾರಾದವು ಇವೆ.

"ಹಾಗಾದ್ರೆ ಯಾವುದನ್ನ ನಂಬೋದು?"

ಯಾವ ಒಂದನ್ನೂ ಅಲ್ಲ, ಎಲ್ಲವನ್ನೂ ಕೂಡಿಸಿ. ಫೆಂಡರ್‌ನ ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಕು ಸಿಗುತ್ತದೆ, 1962ರಿಂದ ಈಚೆಗಾದರೆ ರಬ್ಬರ್ ಮುದ್ರೆ. ವಾಲ್ಯೂಮ್ ಗುಂಡಿಯ ಅಡಿಯಲ್ಲಿರುವ ಬಿಡಿಭಾಗಕ್ಕೆ ರಿಪೇರಿಯವರು ಪಾಟ್ ಎನ್ನುತ್ತಾರೆ. ಅದರ ಬೆನ್ನಿಗೂ ಸಂಖ್ಯೆ ಒತ್ತಿರುತ್ತಾರೆ. 1376215 ಎಂದಿದೆ ಅನ್ನಿ. 137 ಎಂದರೆ ಸಿಟಿಎಸ್ ಕಂಪನಿ, 62 ಎಂದರೆ 1962, 15 ಎಂದರೆ ಆ ವರ್ಷದ ಹದಿನೈದನೆಯ ವಾರ. ಆ ಪಾಟ್ ಮೂಲದ್ದೇ ಆಗಿದ್ದರೆ ಗಿಟಾರ್ ಅದಕ್ಕಿಂತ ಮೊದಲು ಹುಟ್ಟಿರಲು ಸಾಧ್ಯವಿಲ್ಲ. ಗೋದಾಮಿನಲ್ಲಿ ಕೂತಿದ್ದ ಪಾಟ್ ಆದರೆ ಗಿಟಾರ್ ಒಂದೆರಡು ವರ್ಷ ಈಚಿನದೂ ಆಗಿರಬಹುದು. ಬೆಸುಗೆ ಕಾರ್ಖಾನೆಯದೋ, ಆಮೇಲೆ ಯಾರೋ ಬಿಚ್ಚಿ ಹಾಕಿದ್ದೋ ಎಂದು ಕಣ್ಣಿಟ್ಟು ನೋಡಬೇಕು. ಹೀಗೆ ಸಾಕ್ಷಿಗಳನ್ನೆಲ್ಲ ಎದುರು ಬದುರು ಕೂರಿಸಿ ವಿಚಾರಿಸಿದಾಗ ಸತ್ಯ ಹೊರಬೀಳುತ್ತದೆ. ಈ ಕೆಲಸದಲ್ಲಿರುವ ಸುಖ ನುಡಿಸುವ ಸುಖಕ್ಕೆ ಏನೇನೂ ಕಡಿಮೆಯಲ್ಲ.

ಬಿಡಿಭಾಗದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕಾಯಿತು. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನ ಅಂಗಡಿಯಲ್ಲಿ ಹಳೆಯ ಸ್ಟ್ರ್ಯಾಟ್‌ಗಳನ್ನು ಅಗ್ಗಕ್ಕೆ ಸಿಕ್ಕವೆಂದು ಒಟ್ಟಿಗೇ ಆರು ಕೊಂಡರು. ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್‌ಗೆ ಒಂದೊಂದು ಕೊಟ್ಟು, ಉಳಿದ ಮೂರರಲ್ಲಿ ಒಂದರ ನೆಕ್, ಇನ್ನೊಂದರ ದೇಹ, ಮತ್ತೊಂದರ ಪಿಕಪ್ ಎಂದು ಆರಿಸಿ ಜೋಡಿಸಿದರು. ಅದೇ 'ಬ್ಲ್ಯಾಕಿ'. ಅದಕ್ಕೆ ಹುಟ್ಟಿದ ವರ್ಷ ಯಾವುದೆಂದು ಬರೆಯುವುದು? ಗಿಲ್ಮೋರ್ ಅವರ ಪ್ರಸಿದ್ಧ ಕಪ್ಪು ಸ್ಟ್ರ್ಯಾಟ್ ಕೂಡ ಹಾಗೆಯೇ. 1970ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡದ್ದು. ಕಪ್ಪು ಬಣ್ಣ ಮೂಲದ್ದಲ್ಲ, ಸನ್‌ಬರ್ಸ್ಟ್ ಬಣ್ಣದ ಮೇಲೆ ಹಚ್ಚಿದ್ದು. ನೆಕ್ ಹಲವು ಬಾರಿ ಬದಲಾಯಿತು, ಪಿಕಪ್ ಬದಲಾಯಿತು, ಟ್ರೆಮೊಲೊ ಕೂಡ ಬದಲಾಯಿತು. ಇಷ್ಟಾದರೂ ಅದು ಅದೇ ಗಿಟಾರ್ ಎಂದು ಲೋಕ ಒಪ್ಪಿದೆ, ಯಾಕೆಂದರೆ ಗಿಟಾರ್ ನೋಡಿಕೊಳ್ಳುತ್ತಿದ್ದ ಫಿಲ್ ಟೇಲರ್ ಅದರ ಒಂದೊಂದು ಬದಲಾವಣೆಯನ್ನೂ ದಾಖಲಿಸಿ, ಅದೊಂದರ ಮೇಲೇ ಪುಸ್ತಕ ಬರೆದರು. 2019ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಗಿಲ್ಮೋರ್ ತಮ್ಮ 120ಕ್ಕೂ ಹೆಚ್ಚು ಗಿಟಾರ್‌ಗಳನ್ನು ಹರಾಜು ಹಾಕಿದಾಗ ಈ ಕಪ್ಪು ಗಿಟಾರಿಗೆ 39 ಲಕ್ಷ 75 ಸಾವಿರ ಡಾಲರ್ ಬಂತು. ಹಾಡುಗಳ ಕೀರ್ತಿ ಇದ್ದೇ ಇದೆ. ಆದರೂ ಆ ಪುಸ್ತಕ ಇಲ್ಲದಿದ್ದರೆ ಅಷ್ಟು ಭಾಗ ಬದಲಾದ ಗಿಟಾರಿನ ಮೇಲೆ ಅಷ್ಟು ಗಟ್ಟಿ ನಂಬಿಕೆ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

"ನಿನ್ನ ಪುಸ್ತಕ ತೋರಿಸು ನೋಡೋಣ" ಎಂದರು ರಾಯರು. ತಂದು ಗೋಡೆಯ ಮೇಲಿಟ್ಟೆ. ಉದ್ದನೆಯ, ರಟ್ಟು ಹಾಕಿದ ಲೆಕ್ಕದ ಪುಸ್ತಕ. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಯೂ ಇದೆ, ಚಿತ್ರಗಳೆಲ್ಲ ಅಲ್ಲಿವೆ; ಆದರೆ ನನಗೆ ಏನಾದರೂ ಆದರೆ ಮನೆಯವರ ಕೈಗೆ ಮೊದಲು ಸಿಗುವುದು ಈ ಪುಸ್ತಕ. ಒಂದೊಂದು ಗಿಟಾರಿಗೆ ಎರಡು ಪುಟ. ಎಲ್ಲಿ, ಯಾರಿಂದ, ಎಷ್ಟಕ್ಕೆ ಬಂತು, ರಸೀದಿ ಯಾವ ಫೈಲಿನಲ್ಲಿದೆ, ತೂಕ ಎಷ್ಟು, ಈಗ ಹಾಕಿರುವ ತಂತಿ ಯಾವ ದಪ್ಪದ್ದು, ಯಾವಾಗ ಹಾಕಿದ್ದು, ಯಾವ ಶ್ರುತಿಯಲ್ಲಿ ಬಿಟ್ಟಿದ್ದೇನೆ, ಯಾರು ಏನು ರಿಪೇರಿ ಮಾಡಿದರು, ಬದಲಿಸಿದ ಹಳೆಯ ಬಿರಡೆ ಯಾವ ಡಬ್ಬಿಯಲ್ಲಿದೆ. ರಾಯರು ಬೆರಳಿಟ್ಟು ಓದುತ್ತ ಹೋದರು. ಒಂದು ಕಡೆ ನಿಂತು, "ತೂಕ ಯಾಕೆ?" ಎಂದರು. ತೂಕ ಸುಳ್ಳು ಹೇಳುವುದಿಲ್ಲ ರಾಯರೇ, ಒಂದೇ ಮಾದರಿಯ ಎರಡು ಗಿಟಾರ್ ಒಂದೇ ತೂಕ ತೂಗುವುದು ಅಪರೂಪ. ಚಿತ್ರ ತೆಗೆಯುವಾಗಲೂ ಬರೀ ಮುಂದಿನಿಂದ, ಅಂದವಾಗಿ ಕಾಣುವಂತೆ ತೆಗೆದರೆ ಪ್ರಯೋಜನವಿಲ್ಲ. ಬೆನ್ನು, ಪಕ್ಕ, ಹೆಡ್‌ಸ್ಟಾಕಿನ ಹಿಂಬದಿ, ಮರದ ಎಳೆ ಕಾಣುವಂತೆ ಓರೆ ಬೆಳಕಿನಲ್ಲಿ, ಪ್ರತಿಯೊಂದು ಗೀರು, ಸೀಳು, ಗಂಟು. ಬಾಕ್ಮನ್ ಅವರ ಗಿಟಾರ್ ಮನೆಗೆ ಬಂದದ್ದು ಒಂದು ಗಂಟಿನಿಂದ ತಾನೆ.

ಪಟ್ಟಿ ಮಾಡಿದ ಮೇಲೆ ಎಲ್ಲವನ್ನೂ ಒಂದೇ ಕಡೆ ಇಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಪೀಟರ್ ಫ್ರಾಂಪ್ಟನ್ ಅವರ ಬದುಕೇ ಉತ್ತರ. 1976ರ 'ಫ್ರಾಂಪ್ಟನ್ ಕಮ್ಸ್ ಅಲೈವ್!' ಆಲ್ಬಮಿನ ಮುಖಪುಟದಲ್ಲಿರುವುದು ಅವರ 1954ರ ಕಪ್ಪು ಲೆಸ್ ಪಾಲ್ ಕಸ್ಟಮ್, ಮೂರು ಪಿಕಪ್ಪಿನದು. 1980ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಸಾಮಾನಿನ ವಿಮಾನ ಮೇಲೇರುವಾಗ ಬಿದ್ದು ಸುಟ್ಟಿತು, ಅದರಲ್ಲಿದ್ದ ಗಿಟಾರೂ ಹೋಯಿತೆಂದೇ ಅವರು ತಿಳಿದರು. ನಿಜಕ್ಕೂ ಅದನ್ನು ಯಾರೋ ಬೂದಿಯಿಂದ ಎತ್ತಿದ್ದರು. ವರ್ಷಗಟ್ಟಲೆ ಕುರಸಾವೊ ದ್ವೀಪದಲ್ಲಿ ಅದನ್ನು ನುಡಿಸುತ್ತಿದ್ದರು. ರಿಪೇರಿಗೆ ಬಂದಾಗ ಗುರುತು ಹತ್ತಿ, 2011ರ ಕೊನೆಯಲ್ಲಿ ಅದು ಫ್ರಾಂಪ್ಟನ್ ಕೈ ಸೇರಿತು. ಅದಕ್ಕೆ ಸ್ವಲ್ಪವೇ ಮುಂಚೆ, 2010ರ ಮೇ ತಿಂಗಳಲ್ಲಿ, ನ್ಯಾಶ್‌ವಿಲ್‌ನಲ್ಲಿ ಕಂಬರ್ಲೆಂಡ್ ನದಿ ಉಕ್ಕಿ, ಸಂಗೀತಗಾರರು ವಾದ್ಯಗಳನ್ನಿಡುತ್ತಿದ್ದ ದೊಡ್ಡ ಗೋದಾಮಿಗೆ ನೀರು ನುಗ್ಗಿತ್ತು. ಫ್ರಾಂಪ್ಟನ್ ಅವರ ನಲವತ್ತಕ್ಕೂ ಹೆಚ್ಚು ಗಿಟಾರ್‌ಗಳು ಅಲ್ಲೇ ಹಾಳಾದವು. ಬ್ರಾಡ್ ಪೈಸ್ಲಿ, ಕೀತ್ ಅರ್ಬನ್, ವಿನ್ಸ್ ಗಿಲ್ ಅವರದೂ ಅಲ್ಲಿದ್ದವು. ವಿಮಾನದ ಬೆಂಕಿಯಲ್ಲಿ ಉಳಿದದ್ದು ಒಂದು, ಭದ್ರ ಎಂದು ನಂಬಿದ ಕಟ್ಟಡದಲ್ಲಿ ಹೋದದ್ದು ಅಷ್ಟೊಂದು. ಒಂದೇ ಸೂರಿನ ಅಡಿ, ಅದರಲ್ಲೂ ನೆಲದ ಮೇಲೆ, ಎಲ್ಲವನ್ನೂ ಇಡಬೇಡಿ ಎಂದು ನಾನು ಕಂಡಕಂಡವರಿಗೆ ಹೇಳುವುದು ಇದಕ್ಕೇ.

ನಮ್ಮ ಕಡೆ ನದಿ ಉಕ್ಕಬೇಕಾಗಿಲ್ಲ, ಗಾಳಿಯಲ್ಲಿರುವ ನೀರೇ ಸಾಕು. ಮರದ ಗಿಟಾರಿಗೆ ನೂರಕ್ಕೆ ನಲವತ್ತೈದರಿಂದ ಐವತ್ತೈದರಷ್ಟು ತೇವ ಹಿತ. ಮಂಗಳೂರು, ಉಡುಪಿಯ ಆಷಾಢದಲ್ಲಿ ಅದು ತೊಂಬತ್ತು ದಾಟುತ್ತದೆ. ಮೇಲಿನ ಹಲಗೆ ಉಬ್ಬಿ ತಂತಿ ಮೇಲೆದ್ದು ನಿಲ್ಲುತ್ತದೆ, ತಂತಿಗೆ ತುಕ್ಕು, ಪೆಟ್ಟಿಗೆಯೊಳಗಿನ ಮಖಮಲ್ಲಿಗೆ ಬೂಷ್ಟು. ಹೆಚ್ಚು ಗಿಟಾರ್ ಇದ್ದವರು ಒಂದು ಚಿಕ್ಕ ಕೋಣೆ ಮೀಸಲಿಟ್ಟು, ತೇವ ಅಳೆಯುವ ಮಾಪಕ ತೂಗುಹಾಕಿ, ಡೀಹ್ಯೂಮಿಡಿಫೈಯರ್ ಇಟ್ಟರೆ ಒಂದೊಂದು ಪೆಟ್ಟಿಗೆಗೂ ಸಿಲಿಕಾ ಪೊಟ್ಟಣ ಹಾಕುವ ಪರದಾಟ ತಪ್ಪುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಡಲೇಬಾರದು, ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ. ನೈಟ್ರೋಸೆಲ್ಯುಲೋಸ್ ಹೊಳಪಿರುವ ಹಳೆಯ ವಾದ್ಯವನ್ನು ರಬ್ಬರ್ ಹಚ್ಚಿದ ಸ್ಟ್ಯಾಂಡಿಗೆ ಒರಗಿಸಿದರೆ ರಬ್ಬರ್ ಆ ಹೊಳಪನ್ನು ಕರಗಿಸಿ ಕಲೆ ಮಾಡುತ್ತದೆ. ಹತ್ತಿಯ ಬಟ್ಟೆ ಸುತ್ತಿ ಇಡಿ. ದೊಡ್ಡ ಸಂಗ್ರಹದವರು ಮರೆಯುವುದು ಬ್ಯಾಟರಿಯನ್ನು. ಒಳಗೆ ಪ್ರಿಆಂಪ್ ಇರುವ ಗಿಟಾರ್‌ಗಳಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿ ಇರುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಸೋರಿ ಒಳಗಿನ ತಂತಿ, ತಾಮ್ರವನ್ನೆಲ್ಲ ತಿಂದುಹಾಕುತ್ತದೆ. ನನ್ನ ಪುಸ್ತಕದಲ್ಲಿ ಬ್ಯಾಟರಿಗೆಂದೇ ಒಂದು ಕಾಲಮ್ ಇದೆ.

ಮಾತು ಗಿಟಾರಿನ ಮರಕ್ಕೆ ತಿರುಗಿ ಬೀಟೆಯ ಹೆಸರು ಬಂದಾಗ ರಾಯರ ಕಿವಿ ನೆಟ್ಟಗಾಯಿತು. ಅವರು ಮಲೆನಾಡಿನ ಕಡೆಯವರು, ಅವರ ಹಳೆಯ ಮನೆಯ ಬಾಗಿಲು ಬೀಟೆಯದು. ನನ್ನ ಒಂದು ಗಿಟಾರನ್ನು ಬೋರಲು ಹಾಕಿ ಬೆನ್ನು ತೋರಿಸಿದೆ. ನೋಡಿದವರೇ, "ಇದು ನಮ್ಮ ಬೀಟೆ!" ಎಂದರು. ಹೌದು. ಮಾರ್ಟಿನ್ ಕಂಪನಿ 1969ರ ತನಕ ತನ್ನ ಡಿ-28ರಂಥ ಗಿಟಾರ್‌ಗಳ ಬೆನ್ನಿಗೂ ಪಕ್ಕಕ್ಕೂ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿತ್ತು. ಆ ಮರ ಸಿಗುವುದು ದುಸ್ತರವಾದಾಗ ಭಾರತದ ರೋಸ್‌ವುಡ್‌ಗೆ, ಎಂದರೆ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ನಮ್ಮ ಬೀಟೆಗೆ, ಬಂತು. ಮೈಸೂರಿನ ಕುಶಲಿಗಳು ಕೆತ್ತನೆ ಇಟ್ಟು ಚಿತ್ರ ಕೂಡಿಸುವುದೂ ಇದೇ ಮರದಲ್ಲಿ. ಅರ್ಧ ಶತಮಾನದಿಂದ ಲೋಕದ ಒಳ್ಳೊಳ್ಳೆ ಅಕೂಸ್ಟಿಕ್ ಗಿಟಾರ್‌ಗಳ ಬೆನ್ನಿನಲ್ಲಿ ಈ ಮರ ಇದೆ ಎಂಬುದು ನನಗೆ ಹೆಮ್ಮೆಯ ಸಂಗತಿ, ಜೊತೆಗೆ ಕಳವಳದ್ದೂ ಹೌದು. ಬೀಟೆ ನಿಧಾನವಾಗಿ ಬೆಳೆಯುವ ಮರ. ಅದನ್ನು ಲೆಕ್ಕವಿಲ್ಲದೆ ಕಡಿದರೆ ಬ್ರೆಜಿಲಿನ ಮರದ ಗತಿಯೇ ಇದಕ್ಕೂ ಬರುತ್ತದೆ.

ಹಾಗಾಗಿಯೇ ಕಾನೂನುಗಳು ಬಂದವು. ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ, ಸೈಟಿಸ್, 1992ರಲ್ಲಿ ಬ್ರೆಜಿಲಿನ ರೋಸ್‌ವುಡ್ ಅನ್ನು ಅತಿ ಬಿಗಿಯ ಪಟ್ಟಿಗೆ ಸೇರಿಸಿತು. 2017ರ ಜನವರಿಯಿಂದ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳೂ ನಿಯಂತ್ರಣಕ್ಕೆ ಬಂದವು. ಗಿಟಾರ್ ಹಿಡಿದು ದೇಶ ದಾಟುವವರಿಗೆ, ಮಾರುವವರಿಗೆ ಬಹಳ ತೊಂದರೆಯಾಯಿತು. 2019ರ ಕೊನೆಯಲ್ಲಿ, ಮಾಡಿ ಮುಗಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲಿನ ಮರಕ್ಕೆ ಮಾತ್ರ ಆ ವಿನಾಯಿತಿ ಇಲ್ಲ. ನಿಮ್ಮ ಬಳಿ ಆ ಮರದ ಹಳೆಯ ಗಿಟಾರ್ ಇದ್ದು ಹೊರದೇಶಕ್ಕೆ ಮಾರಬೇಕೆಂದರೆ, ಅದು 1992ಕ್ಕೆ ಮುಂಚಿನದು ಎಂದು ತೋರಿಸುವ ಕಾಗದ ಬೇಕೇ ಬೇಕು. 2011ರಲ್ಲಿ ಅಮೆರಿಕದ ಸರ್ಕಾರಿ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಹೋದ ರೋಸ್‌ವುಡ್, ಎಬೊನಿ ಹಲಗೆಗಳಿದ್ದವು. ಅದಕ್ಕೆ ಎರಡು ವರ್ಷ ಮೊದಲಿನ ಮಡಗಾಸ್ಕರ್ ಎಬೊನಿಯ ದಾಳಿಯೂ ಸೇರಿ, 2012ರಲ್ಲಿ ಕಂಪನಿ ಮೂರು ಲಕ್ಷ ಡಾಲರ್ ದಂಡ ಕೊಡಲು ಒಪ್ಪಿ ಪ್ರಕರಣ ಮುಗಿಯಿತು. ಗಿಟಾರಿನ ಕಾಗದಪತ್ರ ಎಂದರೆ ಸಂಗ್ರಾಹಕರ ಖಯಾಲಿ ಎಂದುಕೊಂಡವರು ಇದನ್ನು ನೆನಪಿಡಬೇಕು.

ಅಮ್ಮ ಹೊರಗೆ ಬಂದು ರಾಯರ ಪಕ್ಕ ನಿಂತರು. ಪುಸ್ತಕದ ಹಾಳೆ ತಿರುಗಿಸಿ ನೋಡಿ, ಬೇರೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ನಿಮ್ಮ ಮಕ್ಕಳು ನುಡಿಸ್ತಾರಾ?"

ಇಲ್ಲಮ್ಮಾ. ಬಹಳ ಸಂಗ್ರಹಗಳ ಕಥೆ ಇದೇ. ಕ್ಲಾಪ್ಟನ್ ಇದನ್ನು ಬೇಗ ಅರಿತರು. 1999ರಲ್ಲಿ ನೂರು ಗಿಟಾರ್‌ಗಳನ್ನು ಹರಾಜಿಗಿಟ್ಟು, ಬಂದ ಹಣವನ್ನು ಆಂಟಿಗಾ ದ್ವೀಪದಲ್ಲಿ ತಾವು ಕಟ್ಟಿದ ವ್ಯಸನಮುಕ್ತಿ ಕೇಂದ್ರಕ್ಕೆ ಕೊಟ್ಟರು. 2004ರಲ್ಲಿ ಮತ್ತೊಮ್ಮೆ ಹರಾಜು ನಡೆದಾಗ ಬ್ಲ್ಯಾಕಿಯನ್ನೂ ಬಿಟ್ಟುಕೊಟ್ಟರು. ಗಿಲ್ಮೋರ್ ಅವರ ಹರಾಜಿನಲ್ಲಿ ಬಂದ ಎರಡು ಕೋಟಿ ಡಾಲರಿಗೂ ಮೀರಿದ ಹಣ ಹವಾಮಾನದ ಪರವಾಗಿ ಕೋರ್ಟುಗಳಲ್ಲಿ ಹೋರಾಡುವ ಕ್ಲೈಂಟ್‌ಅರ್ಥ್ ಸಂಸ್ಥೆಗೆ ಹೋಯಿತು. ಆ ಕಪ್ಪು ಸ್ಟ್ರ್ಯಾಟ್ ಕೊಂಡ ಜಿಮ್ ಇರ್ಸೆ 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬೇರೊಬ್ಬರ ಐನೂರಕ್ಕೂ ಹೆಚ್ಚು ಅಮೆರಿಕನ್ ಗಿಟಾರ್‌ಗಳ ಸಂಗ್ರಹ ದಾನವಾಗಿ ಬಂತು. ಬದುಕಿರುವಾಗಲೇ, ತಿಳಿದು, ತಾವೇ ನಿರ್ಧರಿಸಿ ಕೊಟ್ಟವರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ. ನಾನೂ ಪುಸ್ತಕದ ಕೊನೆಯ ಕಾಲಮಿನಲ್ಲಿ ಒಂದೊಂದು ಗಿಟಾರಿನ ಮುಂದೆ ಇದು ಯಾರಿಗೆ ಎಂದು ಬರೆಯುತ್ತಿದ್ದೇನೆ. ಯಾವುದು ನುಡಿಸುವವರಿಗೆ, ಯಾವುದು ಕಲಿಸುವ ಶಾಲೆಗೆ, ಯಾವುದನ್ನು ಮಾರಿ ಮನೆಯವರು ಹಣ ಇಟ್ಟುಕೊಳ್ಳಬೇಕು, ಕನಿಷ್ಠ ಎಷ್ಟಕ್ಕೆ. ಬೆಲೆ ತಿಳಿಯದ ಮನೆಯವರಿಂದ ಒಳ್ಳೆಯ ವಾದ್ಯವನ್ನು ಪುಡಿಗಾಸಿಗೆ ಹೊಡೆದುಕೊಂಡು ಹೋಗುವವರು ಎಲ್ಲ ಊರಲ್ಲೂ ಇದ್ದಾರೆ.

"ನಮ್ಮನೆ ಅಟ್ಟದ ಮೇಲೂ ಒಂದಿದೆ ಕಣಪ್ಪಾ" ಎಂದರು ರಾಯರು. "ನನ್ನ ತಮ್ಮನದು. ಕಾಲೇಜಿನಲ್ಲಿದ್ದಾಗ ನುಡಿಸ್ತಿದ್ದ. ಬೆಲೆಬಾಳೋದೇನಲ್ಲ."

ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡ ಹಾಫ್ನರ್ ಬೇಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿ, ಅರ್ಧ ಶತಮಾನದ ಮೇಲೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲೇ. ಬೀಟಲ್ಸ್‌ನ ಮೊದಮೊದಲ ಹಾಡುಗಳಲ್ಲಿ ಕೇಳಿಸುವುದು ಅದು. ಅದನ್ನು ಹುಡುಕುತ್ತಿದ್ದೇವೆ ಎಂಬ ಸುದ್ದಿ ಊರೆಲ್ಲ ಹಬ್ಬಿದ ಮೇಲೆ ಮನೆಯವರಿಗೆ ತಮ್ಮ ಅಟ್ಟದಲ್ಲಿರುವುದು ಏನೆಂದು ಹೊಳೆಯಿತು. 2024ರ ಫೆಬ್ರವರಿಯಲ್ಲಿ ಅದು ಮೆಕಾರ್ಟ್ನಿ ಕೈ ಸೇರಿದ ಸುದ್ದಿ ಹೊರಬಂತು. ರಾಯರ ತಮ್ಮನ ಗಿಟಾರ್ ಅಂಥದ್ದಲ್ಲ, ಸರಿ. ಆದರೆ ತಮ್ಮನದು.

ಇದನ್ನು ಓದುತ್ತಿರುವವರಲ್ಲಿ ನೂರು ಗಿಟಾರ್ ಇರುವವರು ಒಬ್ಬರೋ ಇಬ್ಬರೋ. ಒಂದು ಇರುವವರು ಬಹಳ ಮಂದಿ. ಈ ಭಾನುವಾರ ಅದನ್ನು ಅಟ್ಟದಿಂದ ಇಳಿಸಿ. ತಂತಿ ತೀರ ಬಿಗಿಯಾಗಿದ್ದರೆ ಸ್ವಲ್ಪ ಸಡಿಲಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತೂತಿನೊಳಗೆ ಟಾರ್ಚ್ ಬಿಟ್ಟು ಸಂಖ್ಯೆ ಇದೆಯೇ ನೋಡಿ. ಎದುರಿನದೊಂದು, ಬೆನ್ನಿನದೊಂದು ಚಿತ್ರ ತೆಗೆಯಿರಿ. ಯಾರದು, ಯಾವಾಗ, ಎಲ್ಲಿಂದ ಬಂತು ಎಂದು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗಿಡಿ, ಅದರದೇ ಇನ್ನೊಂದು ಪ್ರತಿ ಬೀರುವಿನಲ್ಲಿಡಿ. ಬರೆದಿಟ್ಟ ಜಾಗ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.